ಎಷ್ಟು ಎಂದು ನಿಲ್ಲಿಸುವ ಕಾಕಾ

ನಮ್ಮ ಕಾಕಾನಷ್ಟು ದುಬಾರಿ ಮನುಷ್ಯ ಇಡೀ ಮುಂಬಯಿ ಪ್ರಾಂತದಲ್ಲೇ ಇರಲಿಲ್ಲ. ಅರ್ಧ ವಾಕ್ಯ ತಾನು ಆಡಿ, ಉಳಿದರ್ಧ ನಮ್ಮಿಂದ ವಸೂಲಿ ಮಾಡುತ್ತಿದ್ದ!

ಲಕ್ಷ್ಮೇಶ್ವರದಲ್ಲಿ ಮಾಸ್ತರಿಕೆ. ಎಲ್ಲಿಂದಲೋ ಒಂದು ಹರಕು ಫ್ರೆಂಚ್-ಜರ್ಮನ್ ವ್ಯಾಕರಣ ಸಿಕ್ಕಿತ್ತು. ಊರೆಲ್ಲ ಕರ್ನಾಟಕದ ಏಕೀಕರಣಕ್ಕೆ ಸಭೆ ಸೇರಿಸುತ್ತಿದ್ದರೆ ಈತ ವಾಕ್ಯಗಳ ಏಕೀಕರಣಕ್ಕೆ ಹೊರಟಿದ್ದ.

"ಫ್ರೆಂಚರು ಎರಡೂ ಕಡಿ ‘ಪ್ಲ್ಯೂ’, ಅಂದ್ರ ‘ಹೆಚ್ಚು’, ಅಂತಾರಲೇ. ಪ್ಲ್ಯೂ ಉಂಡಿ, ಪ್ಲ್ಯೂ ಉಬ್ಬಿದಿ! ಜರ್ಮನರದು ಮೊದಲ ‘ಯೆ’, ಆಮ್ಯಾಲೆ ‘ಡೆಸ್ಟೋ’. ನಮ್ಮ ಎಷ್ಟು-ಅಷ್ಟು ಇದ್ದಂಗ. ಜೋಡಿ ಒಡೀಬಾರದು."

ಒಡೆಯುತ್ತಿದ್ದವನು ತಾನೇ! "ಚಹಾ ಎಷ್ಟು ಕುದಿತೈತಿ…" ಎಂದು ನಿಲ್ಲಿಸಿ, ಸಾಲಿಹುಡುಗರ ಮುಂದೆ ನಿಂತಂತೆ ಕೈ ಆಡಿಸುವುದು. "ಅಷ್ಟು ರಂಗ ಬಿಡತೈತಿ" ಎಂದು ನಾವು ಮುಗಿಸಬೇಕು. ಅಲ್ಲಿಯವರೆಗೆ ಕಪ್ಪು-ಬಸಿ ಮುಟ್ಟುವಂತಿಲ್ಲ.

ಒಮ್ಮೆ ಬೆಟಗೇರಿಯ ನನ್ನ ಸೀರೆ ಅಂಗಡಿಯಲ್ಲಿ ಕೂತಿದ್ದ. ಮುಂಡರಗಿಯ ಹೆಣ್ಣುಮಗಳೊಬ್ಬಳು, "ಈ ಸೀರಿ ಎಷ್ಟ್ರಿ?" ಎಂದಳು. ನಾನು ಬಾಯಿ ತೆರೆಯುವ ಮೊದಲೇ ಕಾಕಾ, "ಬರೇ ಎಷ್ಟು ಅಂದ್ರ ಹೆಂಗವಾ? ಅಷ್ಟೂ ಬೇಕಲ್ಲ!" ಎಂದ.

"ಅಷ್ಟೂ ಬ್ಯಾಡ್ರಿ ಯಪ್ಪಾ, ನನಗ ಒಂದ ಸಾಕು!" ಎಂದವಳು ಆ ಒಂದನ್ನೂ ಬಿಟ್ಟು ಎದ್ದು ಹೋದಳು. ವ್ಯಾಪಾರ ಮಾಡುವವರಿಗೆ ಪುಕ್ಕಟೆ ಒಂದು ಮಾತು ಹೇಳುತ್ತೇನೆ: ವ್ಯಾಕರಣ ಬಲ್ಲವರನ್ನು ಗಲ್ಲೆಯ ಹತ್ತಿರ ಕೂಡಿಸಬೇಡಿ.

ಇಂಥವನನ್ನೇ ನನಗೆ ಕನ್ಯೆ ನೋಡಲು ಕೊರ್ಲಹಳ್ಳಿಗೆ ಕರೆದೊಯ್ಯಬೇಕಾಯಿತು. ಅಪ್ಪ ಇರಲಿಲ್ಲ; ಕಾಕಾನ ಹೆಂಡತಿ, ನಮ್ಮ ಚಿಗವ್ವನೂ ತೀರಿಹೋಗಿದ್ದಳು; ಹಿರಿಯನೆಂದರೆ ಈತನೊಬ್ಬನೇ. ಹಿಂದಿನ ಎರಡು ಸಂಬಂಧ ಈತನ ಅರೆಮಾತಿನಿಂದಲೇ ಕೈತಪ್ಪಿದ್ದವು. ಈ ಹುಡುಗಿಯನ್ನಂತೂ ಬಂಧುಗಳ ಲಗ್ನದಲ್ಲಿ ನೋಡಿ ಮನಸ್ಸು ಕೊಟ್ಟುಬಿಟ್ಟಿದ್ದೆ. ಚೌಕಾಶಿಗೆ ಜಾಗವೇ ಇಲ್ಲದ ವ್ಯವಹಾರ!

"ಕಾಕಾ, ಇವತ್ತೊಂದಿನ ಪೂರಾ ಮಾತಾಡೋ!"

"ಆತಲೇ."

ಹುಡುಗಿಯ ತಂದೆ ಕೇಳಿದರು, "ಹುಡುಗ ಹೆಂಗ್ರಿ ಮಾಸ್ತರ?"

"ನಮ್ಮ ಹುಡುಗ ಅಂಗಡ್ಯಾಗ ಎಷ್ಟು ಮಾತಾಡ್ತಾನ…" ಎಂದ ಕಾಕಾ ನಿಲ್ಲಿಸಿಬಿಟ್ಟ. ಕೈ ಬೇರೆ ಆಡಿಸಿದ! ಕೂತವರೆಲ್ಲ ಮುಖ ಮುಖ ನೋಡಿಕೊಂಡರು. ನನ್ನ ಅಂಗಿ ಬೆನ್ನಿಗೆ ಅಂಟಿತು. ಹೋಯಿತು ಮೂರನೆಯದೂ ಎಂದುಕೊಳ್ಳುವಷ್ಟರಲ್ಲಿ ಬಾಗಿಲ ಹಿಂದಿನಿಂದ ಹುಡುಗಿಯ ದನಿ ಬಂತು:

"ಇಲ್ಲಿ ಅಷ್ಟು ಬೆವರಾಕ ಹತ್ಯಾರ!"

ಮನೆಯೆಲ್ಲ ಘೊಳ್ಳೆಂದಿತು. ಆಕೆಯ ತಂದೆ ನಗುತ್ತಲೇ ಸಕ್ಕರೆ ತರಿಸಿದರು. ಸಂಬಂಧ ಕುದುರಿತು.

ಕಾಕಾ ಮಾತ್ರ ನಗಲಿಲ್ಲ. ಧೋತರದ ಚುಂಗಿನಿಂದ ಕಣ್ಣೊರೆಸಿಕೊಂಡು ನನ್ನ ಕಿವಿಯಲ್ಲಿ ಹೇಳಿದ: "ನಿನ್ನ ಚಿಗವ್ವನೂ ಹಿಂಗ, ಅಡಗಿಮನ್ಯಾಗಿಂದನ ನನ್ನ ಮಾತು ಮುಗಸ್ತಿದ್ಲು. ಆಕಿ ಇದ್ದಷ್ಟು ದಿನಾನೂ ಹಂಗ ನಡೀತು. ಮುಗಸೋದು ನನಗ ರೂಢಿನ ಇಲ್ಲಪಾ."