ತುಂಡಾಗದ ತಂತಿ

ತಂತಿಯ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿರಲಿಲ್ಲ. ಆಳುಗಳನ್ನು ಗಣಿಯೊಳಕ್ಕೆ ಇಳಿಸುವ ಕೇಜಿನ ಉಕ್ಕಿನ ಹಗ್ಗವನ್ನು ದಿನಾ ತಡವಿ ನೋಡಿ ‘ಸರಿಯಿದೆ’ ಎನ್ನುವುದೇ ನನ್ನ ಉದ್ಯೋಗ. ನಾನು ಸರಿಯಿದೆ ಎಂದ ಮೇಲೆ ಚಿನ್ನದ ಗಣಿಯಲ್ಲಿ ಇನ್ನೊಬ್ಬ ಬಾಯಿ ಬಿಡುತ್ತಿರಲಿಲ್ಲ. ಹೀಗಿರುವಾಗ ಗಿಟಾರಿನ ಆರು ತಂತಿ ಯಾವ ಲೆಕ್ಕ!

ಗಿಟಾರು ನಮ್ಮ ಫೋರ್‌ಮನ್ ಸಾಹೇಬರು ದೇಶ ಬಿಟ್ಟು ಹೋಗುವಾಗ ಕೊಟ್ಟದ್ದು. ಅವರ ಬಂಗಲೆಯಲ್ಲಿ ಫ್ರಾನ್ಸಿನ ಜಿಪ್ಸಿಗಳ ಜಾಝ್ ಸಂಗೀತದ ಗ್ರಾಮಫೋನ್ ಪ್ಲೇಟು ಕೇಳಿ ನನಗೆ ಹುಚ್ಚು ಹಿಡಿದಿತ್ತು. ಅದರಲ್ಲಿ ಡೋಲಿಲ್ಲ, ತಮಟೆಯಿಲ್ಲ. ಗಿಟಾರೇ ಚಟಚಟನೆ ತಾಳ ಹೊಡೆಯುತ್ತದೆ. ನನ್ನದೋ, ಕುರಿಯ ಕರುಳಿನ ಮೆದು ತಂತಿಗೆಂದು ಮಾಡಿದ ಹಗುರ ಮೈಯ ಗಿಟಾರು. ಎಷ್ಟು ಬಾರಿಸಿದರೂ ಜ್ವರ ಬಂದವರ ಹಾಗೆ ಗೊಣಗುತ್ತಿತ್ತು.

ಅಷ್ಟರಲ್ಲಿ ಬಂಗಾರಪೇಟೆಯಲ್ಲಿ ನಾದಿನಿಯ ನಿಶ್ಚಿತಾರ್ಥ ಬಂತು. ನನ್ನ ಹೆಂಡತಿ ಸರೋಜ, “ನಮ್ಮೆಜಮಾನ್ರು ವಿಲಾಯ್ತಿ ವಾದ್ಯ ನುಡಿಸ್ತಾರೆ” ಎಂದು ತವರಿಗೆಲ್ಲ ಸಾರಿಬಿಟ್ಟಿದ್ದಳು. ಅವಳ ಮಾನವೆಲ್ಲ ಈಗ ನನ್ನ ಕೈಯಲ್ಲಿತ್ತು.

ಆ ಚಟಚಟ ಸದ್ದಿಗೆ ಉಕ್ಕಿನ ತಂತಿಯೇ ಆಗಬೇಕೆಂದು ರಾಬರ್ಟ್‌ಸನ್‌ಪೇಟೆಯ ವಾದ್ಯದ ಅಂಗಡಿಗೆ ಹೋದೆ. “ಉಕ್ಕಿನ ತಂತಿ ತೆಳುವಾಗಿರೋದು ಕೊಡ್ಲಾ ಸಾರ್, ದಪ್ಪ ಬೇಕಾ?” ಎಂದ ಅಂಗಡಿಯವನು. ನನ್ನನ್ನು ಕೇಳುವ ಪ್ರಶ್ನೆಯೇ ಅದು? ಮೈ ಉರಿಯಿತು.

“ಏನಯ್ಯಾ, ಕೇಜಿಗೆ ತೆಳು ಅಗ್ಗ ಕಟ್ತಾರಾ? ಇರೋದ್ರಲ್ಲೆಲ್ಲ ದಪ್ಪದ್ದು ತೆಗಿ.”

ತಂತಿ ಬಿಗಿದ ಮರುದಿನ ಸರೋಜ ಗಿಟಾರಿನ ಮುಂದೆ ನಿಂತು ನೋಡಿದಳು.

“ರೀ, ಇದ್ರ ಒಟ್ಟೆ ಯಾಕೋ ಉಬ್ಬೈತೆ.”

“ನಾದ ತುಂಬ್ಕೊಂತಾ ಐತೆ. ನಿಂಗೊತ್ತಾಗಲ್ಲ, ಸುಮ್ಕಿರು.”

“ಕತ್ತೂ ಬಗ್ಗೈತಲ್ರೀ.”

“ಕತ್ತು ಯಾಕೆ ನೋಡ್ತೀಯ? ತಂತಿ ನೋಡು. ಅಲ್ಲಾಡ್ತಾ ಐತಾ?”

ನಿಶ್ಚಿತಾರ್ಥದ ದಿನ ಬೀಗರೆಲ್ಲ ಜಮಖಾನದ ಮೇಲೆ ಕಿವಿ ತೆರೆದು ಕೂತರು. ಶ್ರುತಿ ಕೊಂಚ ಇಳಿದಂತಿತ್ತು. ಇನ್ನಷ್ಟು ಬಿಗಿದು, ಬಲವಾಗಿ ಒಂದೇಟು ಹಾಕಿದೆ. ತಾಳ ಬಂತು. ಒಂದೇ ತಾಳ! ತಂತಿ ಕಟ್ಟಿದ್ದ ಮರದ ಪಟ್ಟಿ, ಗಿಟಾರಿನ ಹೊಟ್ಟೆಯ ಅರ್ಧ ಹಲಗೆ ಸಮೇತ ಕಿತ್ತು ಬಂದು, ತಂತಿಗೆ ಜೋತುಬಿದ್ದು ಬೀಗರ ಮುಂದೆ ಕೇಜಿನ ಹಾಗೆ ತೂಗಾಡಿತು.

“ಮುಗೀತಾ?” ಎಂದು ವಿನಯದಿಂದ ಕೇಳಿದರು ಗಂಡಿನ ತಂದೆ.

“ಊಂ, ಅಷ್ಟೇ. ವಿಲಾಯ್ತಿದು ಸಣ್ದಾಗೇ ಇರ್ತದೆ” ಎಂದರು ನಮ್ಮ ಮಾವ.

ಸರೋಜ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಒಳಗೆ ಹೋದಳು. ನನಗೆ ನಾಚಿಕೆಗಿಂತ ಸಿಟ್ಟೇ ಹೆಚ್ಚು ಬಂತು. ವಾಪಸು ಬರುವ ರೈಲಿನ ತುಂಬ ಅವಳಿಗೆ ನ್ಯಾಯ ಹೇಳಿದೆ: ತಂತಿ ತುಂಡಾಯಿತೇ? ಇಲ್ಲ. ಸಡಿಲವಾಯಿತೇ? ಇಲ್ಲ. ತುಂಡಾದದ್ದು ಗಿಟಾರು, ಅದನ್ನು ಮಾಡಿದವನನ್ನು ಹೋಗಿ ಕೇಳಲಿ!

ಆ ತಂತಿಗಳು ಈಗ ನಮ್ಮ ಹಿತ್ತಲಲ್ಲಿವೆ. ಪಡವಲಕಾಯಿ ಸೊಟ್ಟಗಾಗದಿರಲೆಂದು ಸರೋಜ ಒಂದೊಂದು ಕಾಯಿಯ ತುದಿಗೂ ಅವುಗಳಿಂದ ಕಲ್ಲು ಕಟ್ಟಿ ಇಳಿಬಿಟ್ಟಿದ್ದಾಳೆ. ಮೊನ್ನೆ ಪಲ್ಯ ಬಡಿಸುತ್ತಾ ಅಂದಳು:

“ತಂತಿ ಆರ್ಸೋದ್ರಲ್ಲಿ ನಿಮ್ಮನ್ನ ಮೀರ್ಸೋರಿಲ್ಲ ಕಣ್ರೀ. ಕಾಯಿ ಎಷ್ಟ್ ನೆಟ್ಟಗೆ ಬಂದೈತೆ ನೋಡಿ.”

ಉದ್ಯೋಗದ ಅಭ್ಯಾಸ ಎಲ್ಲಿ ಹೋಗುತ್ತದೆ? ಪಲ್ಯ ಬಾಯಿಗಿಟ್ಟು, “ಸರಿಯಿದೆ” ಎಂದೆ.