ನಲವತ್ತಾರು ಕಿಲೋ

ಅಂಕೋಲೆ ಹತ್ತಿರದ ಕಡಲತಡಿಯ ಊರು ಕೇಣಿಯ ಶಾಂತಾರಾಮನ ಫಜೀತಿಗೆಲ್ಲ ಮೂಲ ಒಂದು ವಿಮಾನ ಕಂಪನಿಯ ಧಾರಾಳತನ. ಗೋವಾದಿಂದ ಲಂಡನ್ನಿಗೆ ನಡುವೆ ಎಲ್ಲೂ ಇಳಿಯದೆ ಹಾರುವ ದಾರಿಗೆ ಆ ವರ್ಷ ಎರಡು ಕಂಪನಿಗಳು ಒಟ್ಟಿಗೇ ಜಿದ್ದಿಗೆ ಬಿದ್ದಿದ್ದವು. ಒಂದರ ವಿಮಾನದ ಬಾಲ ಹಸಿರು, ಇನ್ನೊಂದರದು ಹಳದಿ. ಹಸಿರಿನವರು ದರ ಇಳಿಸಿದರೆ ಹಳದಿಯವರು ಮತ್ತೂ ಇಳಿಸುವರು. ಹಳದಿಯವರು ಎರಡು ಊಟ ಎಂದರೆ ಹಸಿರಿನವರು ಊಟದ ಮೇಲೆ ಐಸ್‌ಕ್ರೀಮ್ ಎನ್ನುವರು. ಕಡೆಗೆ ಹಸಿರು ಕಂಪನಿ ತಲೆಗೆ ನಲವತ್ತಾರು ಕಿಲೋ ಸಾಮಾನು ಪುಕ್ಕಟೆ ಎಂದು ಸಾರಿಬಿಟ್ಟಿತು. ಕೇಣಿಯವರಿಗೆ ಊಟವೂ ನೆನಪುಳಿಯಲಿಲ್ಲ, ಐಸ್‌ಕ್ರೀಮೂ ಉಳಿಯಲಿಲ್ಲ. ಆ ನಲವತ್ತಾರು ಮಾತ್ರ ಉಳಿಯಿತು.

ಶಾಂತಾರಾಮ ಅಂಕೋಲೆಯ ಒಂದು ಸೊಸೈಟಿಯಲ್ಲಿ ಗುಮಾಸ್ತ. ಅವನ ಅಕ್ಕ ಹೀರಾ ಲಂಡನ್ನಿನಲ್ಲಿ ನರ್ಸು. ಅಪ್ಪ ತೀರಿಕೊಂಡಾಗ ಇವನಿಗೆ ಒಂಬತ್ತು ವರ್ಷ, ಅವಳಿಗೆ ಹತ್ತೊಂಬತ್ತು. ಅಲ್ಲಿಂದ ಮುಂದೆ ಇವನ ಶಾಲೆ, ಕಾಲೇಜು, ಮದುವೆ, ಮನೆಯ ಹೊಸ ಮಾಡು, ಹೋದ ವರ್ಷದ ಪಿತ್ತಕೋಶದ ಆಪರೇಶನ್ನು, ಎಲ್ಲವೂ ಅವಳ ಕೈಯಿಂದಲೇ ನಡೆದವು. ತನ್ನ ಮದುವೆಗೆ ಮಾತ್ರ ಪುರುಸೊತ್ತೇ ಸಿಗಲಿಲ್ಲ ಎಂದು ಅವಳು ನಗುತ್ತಿದ್ದಳು. ತಮ್ಮನಿಗೆ ಎರಡು ವರ್ಷದ ವೀಸಾ ಮಾಡಿಸಿಕೊಟ್ಟವಳೂ ಅವಳೇ. 'ಟಿಕೆಟ್ ನಾನೇ ಕಳಿಸ್ತೆ, ಬಾ' ಎಂದು ಕರೆದಾಗಲೆಲ್ಲ ಶಾಂತಾರಾಮ ರಜೆ ಇಲ್ಲ ಎಂದು ಸುಳ್ಳು ಹೇಳುತ್ತಿದ್ದ. ಜನ್ಮದಲ್ಲಿ ಒಮ್ಮೆಯಾದರೂ ಅಕ್ಕನಿಗೆ ಏನಾದರೂ ಕೊಡಬೇಕು, ಅದಕ್ಕೆ ಅವಳ ದುಡ್ಡು ತಾಗಿರಬಾರದು ಎಂಬುದು ಅವನ ಹಟ.

ಕೊಡುವುದು ಏನೆಂಬುದೂ ನಿಶ್ಚಯವಾಗಿತ್ತು. ಮನೆಯ ಹಿಂದಿನ ಕರಿ ಇಶಾಡ ಮಾವಿನ ಮರ ಹೀರಾ ಹುಡುಗಿಯಾಗಿದ್ದಾಗ ನೆಟ್ಟು, ಬಾವಿಯಿಂದ ನೀರು ಹೊತ್ತು ಬೆಳೆಸಿದ್ದು. ಪ್ರತಿ ಮೇ ತಿಂಗಳಲ್ಲಿ ಫೋನಿನಲ್ಲಿ ಅವಳು ಮೊದಲು ಮರದ ಕ್ಷೇಮ ಕೇಳಿ ಆಮೇಲೆ ತಮ್ಮನದು ಕೇಳುವಳು. ಮೇನಲ್ಲಿ ಆಸ್ಪತ್ರೆಯವರು ರಜೆ ಕೊಡದೆ ಹನ್ನೊಂದು ವರ್ಷದಿಂದ ಅದರ ಹಣ್ಣು ಅವಳ ಬಾಯಿಗೆ ಬಿದ್ದಿರಲಿಲ್ಲ.

ದರ ಇಳಿದ ಸುದ್ದಿ ಕೇಳಿ ಶಾಂತಾರಾಮ ಅಂಕೋಲೆ ಬಸ್‌ಸ್ಟ್ಯಾಂಡಿನ ಹತ್ತಿರ ಟಿಕೆಟ್ ಅಂಗಡಿ ಇಟ್ಟಿದ್ದ ಯೋಗೇಶನ ಬಳಿ ಹೋದ.

"ತಗಂಡ್ರೆ ಈಗ್ಲೇ ತಗಣಿ ಶಾಂತಾರಾಮಣ್ಣ," ಎಂದ ಯೋಗೇಶ. "ಈ ಜಿದ್ದು ಭಾಳ ದಿನ ನಡೂದಿಲ್ಲ. ಹಿಂದೆ ಅಂಕೋಲಾ-ಕಾರವಾರ ಎರಡು ಟೆಂಪೋದವ್ರು ಹೀಂಗೇ ಬಿದ್ದಿದ್ರಲ್ಲ. ಒಬ್ಬವ ಚಾ ಕೊಟ್ಟ, ಇನ್ನೊಬ್ಬವ ಚಾದ ಸಂಗ್ತಿಗೆ ಬನ್ಸ್ ಕೊಟ್ಟ. ಮಳೆಗಾಲ ಮುಗಿಯೂದ್ರೊಳಗೆ ಒಬ್ಬವ ಟೆಂಪೋ ಮಾರ್ದ. ಉಳಿದವ ಬನ್ಸ್ ನಿಲ್ಲಿಸಿ ದರ ಏರ್ಸ್ದ. ವಿಮಾನ ಅಂದ್ರೆ ಎಂತಾ, ಅದೂ ಟೆಂಪೋನೇ."

"ಅಕ್ಕನಿಗೆ ಗೊತ್ತಾಗ್ಬಾರ್ದು. ಗೊತ್ತಾದ್ರೆ ದುಡ್ಡು ಕಳಿಸ್ತದೆ. ಮಂಜಗುಣಿ ವೆಂಕಟ್ರಮಣನ ಆಣೆ ಹಾಕು."

ಯೋಗೇಶ ಗೋಡೆಯ ಮೇಲಿನ ದೇವರ ಪಟದ ಮೇಲೆ ಕೈಯಿಟ್ಟು ಆಣೆ ಹಾಕಿದ. ಮೇ ಹನ್ನೆರಡಕ್ಕೆ ಹೋಗುವುದು, ಇಪ್ಪತ್ತೆರಡಕ್ಕೆ ಬರುವುದು. ಅಗ್ಗದ ಟಿಕೆಟ್ ಆದ್ದರಿಂದ ತಾರೀಕು ಬದಲಿಸುವಂತಿಲ್ಲ, ದುಡ್ಡು ತಿರುಗಿ ಬರುವಂತಿಲ್ಲ.

ಹಣ್ಣಿಗೆ ರೋಗವಿಲ್ಲ ಎಂಬ ಸರ್ಕಾರಿ ಕಾಗದ ಬೇಕು ಎಂದು ಗೊತ್ತಾದದ್ದು ಆಮೇಲೆ. ಅದಕ್ಕಾಗಿ ಶಾಂತಾರಾಮ ಮೂರು ದಿನ ಆಫೀಸಿನಿಂದ ಆಫೀಸಿಗೆ ಅಲೆದ. ಅವನಿಗೇ ವೀಸಾ ಸಿಗುವಾಗ ಇಷ್ಟು ಪ್ರಶ್ನೆ ಕೇಳಿರಲಿಲ್ಲ. ಅಂತೂ ಹನ್ನೆರಡು ಹಣ್ಣು ಹುಲ್ಲು ಹಾಸಿದ ರಟ್ಟಿನ ಪೆಟ್ಟಿಗೆಯಲ್ಲಿ ಕಾಗದ ಸಮೇತ ತಯಾರಾಗಿ ಕುಳಿತವು.

ಹನ್ನೆರಡನೇ ತಾರೀಕು ಬೆಳಗಿನ ಆರಕ್ಕೆ ಮೀನು ಮಾರುವ ಗಂಗಿ ಅಂಗಳಕ್ಕೆ ಬಂದಳು. ತಲೆಯ ಮೇಲೆ ಬುಟ್ಟಿ.

"ತಮ್ಮಾ, ನಮ್ ಮಗ ಅಜಯ ಲಂಡನ್ನಲ್ಲೇ ಹೋಟ್ಲಲ್ಲಿ ಅಡ್ಗೆ ಮಾಡ್ತ ಅಲ್ದಾ. ಒಂದು ಚೂರು ಒಣ ಸೀಗಡಿ ತಂದೆ."

ಚೂರು ಎಂದರೆ ಒಂಬತ್ತು ಕಿಲೋ. ಶಾಂತಾರಾಮ ಬಾಯಿ ತೆರೆಯುವುದರೊಳಗೆ ಗಂಗಿ ಹೇಳಿದಳು: "ನಲ್ವತ್ತಾರು ಉಂಟಡಾ. ನಿಂಗೆ ಅಷ್ಟೆಲ್ಲಾ ಎಂತಕ್ಕೆ?"

ಅವಳ ಹಿಂದೆಯೇ ರಾಮನಾಥ ಮಾಸ್ತರರು ಬಂದರು. ನಿವೃತ್ತರಾದ ಮೇಲೆ ಊರಿನ ಎಲ್ಲ ಕೆಲಸಗಳ ಮೇಲ್ವಿಚಾರಣೆ ಅವರದೇ. ಲಂಡನ್ನಿನಲ್ಲೇ ಇರುವ ಮಗಳು ರಕ್ಷಿತಾಳಿಗೆ ಕೊಡಲೆಂದು ಕುಚ್ಚಲಕ್ಕಿ ತಂದಿದ್ದರು. "ಅಲ್ಲಿ ಅಕ್ಕಿ ಸಿಗ್ತದೆ, ಆದ್ರೆ ಗಂಜಿ ಆಗೂದಿಲ್ಲಡಾ," ಎಂದು ಹೇಳಿ ಹತ್ತು ಕಿಲೋದ ಚೀಲ ಇಳಿಸಿದರು. ಅದರ ಮೇಲೆ ಕೋಕಂ ಸಿಪ್ಪೆ, ಅದರ ಮೇಲೆ ಉಪ್ಪಿನಕಾಯಿ ಭರಣಿ. ಎಂಟು ಗಂಟೆಯೊಳಗೆ ಜಗುಲಿಯ ಮೇಲೆ ಕಾಲಿಡಲು ಜಾಗವಿರಲಿಲ್ಲ.

"ಎಲ್ರಿಗೂ ಆಗೂದಿಲ್ಲ ಹೇಳಿ ಹೇಳೂಕೆ ನಿಮ್ಗೆ ಬಾಯಿಲ್ವಾ?" ಎಂದು ಹೆಂಡತಿ ರೂಪಾಲಿ ಒಳಗೆ ಕರೆದು ಕೇಳಿದಳು.

ಬಾಯಿ ಇತ್ತು. ಆದರೆ ಆಪರೇಶನ್ನಿನ ದಿನ ರಾತ್ರಿಯಿಡೀ ಆಸ್ಪತ್ರೆಯ ಬಾಗಿಲಲ್ಲಿ ಕುಳಿತವಳು ಗಂಗಿ. ರಕ್ತ ಕೊಡುವವರನ್ನು ಹುಡುಕಿ ಕಾರವಾರವನ್ನೆಲ್ಲ ಸುತ್ತಿದವರು ಮಾಸ್ತರರು. ಶಾಂತಾರಾಮ ತನ್ನ ಬಟ್ಟೆಗಳನ್ನು ಸೂಟ್‌ಕೇಸಿನಿಂದ ಹೊರಗೆ ತೆಗೆದ. ತೆಗೆದದ್ದರಲ್ಲಿ ಮೂರು ಅಂಗಿ, ಎರಡು ಪ್ಯಾಂಟು ಒಂದರ ಮೇಲೊಂದು ಹಾಕಿಕೊಂಡ. ಮೇ ತಿಂಗಳ ಸೆಕೆಗೆ ಅವನು ಹಬೆಯಲ್ಲಿಟ್ಟ ಕಡುಬಿನಂತೆ ಉಬ್ಬಿ ಬೆವರತೊಡಗಿದ. ಮಾವಿನ ಪೆಟ್ಟಿಗೆಯನ್ನು ಮಾತ್ರ ಯಾರೂ ಮುಟ್ಟದಂತೆ ತಾನೇ ಸೂಟ್‌ಕೇಸಿನ ನಡುವೆ ಇಟ್ಟ.

ತೂಕ ನೋಡಬೇಕಲ್ಲ. ಗಂಗಿಯ ಸಲಹೆಯಂತೆ ಎರಡೂ ಸೂಟ್‌ಕೇಸುಗಳನ್ನು ಕಡಲ ದಂಡೆಯಲ್ಲಿ ಮೀನು ತೂಗುವ ಕರೆಂಟಿನ ಕಾಂಟಾದ ಮೇಲೆ ಇಟ್ಟರು. ಒಂದು ಇಪ್ಪತ್ತಮೂರು, ಇನ್ನೊಂದೂ ಇಪ್ಪತ್ತಮೂರು. ಕೂದಲೆಳೆ ವ್ಯತ್ಯಾಸವಿಲ್ಲ. ಮಾಸ್ತರರು ಕೈತಟ್ಟಿ ಗಂಗಿಗೆ ಶಭಾಸ್ ಹೇಳಿದರು.

ಯೋಗೇಶ ಕಾರು ತಂದಿದ್ದ. ಅವತ್ತು ಅವನ ಮುಖ ಯಾಕೋ ಸರಿ ಇರಲಿಲ್ಲ. ಅಂಕೋಲೆ ದಾಟುವಾಗ "ಶಾಂತಾರಾಮಣ್ಣ, ಹೋಗ್ಲೇಬೇಕು ಹೇಳಿ ಉಂಟಾ?" ಎಂದ.

"ಇದೆಂತಾ ಪ್ರಶ್ನೆಯಾ ಮಾರಾಯಾ, ಟಿಕೆಟ್ ಮಾಡಿಕೊಟ್ಟವ ನೀನೇ ಅಲ್ದಾ?"

"ಅಡ್ಡಿಲ್ಲ, ಸುಮ್ನೆ ಕೇಳ್ದೆ," ಎಂದು ಯೋಗೇಶ ಗೇರು ಬದಲಿಸಿದ. ಅರ್ಗಾದಲ್ಲಿ ಗಂಗಿಯ ತಂಗಿ ಕಾಮಿ ನೌಕಾನೆಲೆಯ ಗೇಟಿನ ಆಚೆ ರಸ್ತೆ ಬದಿಗೆ ನಿಂತು ಕೈ ಅಡ್ಡ ಹಿಡಿದಿದ್ದಳು. ಅವಳು ಕೊಟ್ಟ ಹಪ್ಪಳದ ಕಟ್ಟಿನಿಂದ ಶಾಂತಾರಾಮನ ಕೈಚೀಲವೂ ತುಂಬಿಹೋಯಿತು. ಕಾರವಾರದಲ್ಲಿ ಯೋಗೇಶ ಎರಡು ಸಲ ಚಾ ಕುಡಿದ. ಕಾಳಿ ಸೇತುವೆಯ ಮೇಲೆ ಕಾರು ನಿಧಾನ ಮಾಡಿ, "ಅಲ್ಲಾ, ಅಕ್ಕ ಮನೇಲಿ ಇಲ್ದೇ ಹೋದ್ರೆ?" ಎಂದ.

"ಅಕ್ಕ ಎಲ್ಲಿಗೆ ಹೋಗ್ತದೆ? ಆಸ್ಪತ್ರೆ ಬಿಟ್ರೆ ಮನೆ, ಮನೆ ಬಿಟ್ರೆ ಆಸ್ಪತ್ರೆ," ಎಂದಳು ಹಿಂದಿನ ಸೀಟಿನಿಂದ ರೂಪಾಲಿ. ಗಂಡನನ್ನು ಬೀಳ್ಕೊಡಲು ಅವಳೂ ಬಂದಿದ್ದಳು. "ನಿಂಗೆ ಎಂತಾ ಆಯ್ತಾ ಯೋಗೇಶ? ಹೊಟ್ಟೆ ಸಮಾ ಇಲ್ವಾ?"

ಯೋಗೇಶ ಹೊಟ್ಟೆ ಸಮಾ ಇಲ್ಲ ಎಂದೇ ಒಪ್ಪಿಕೊಂಡ.

ವಿಮಾನ ನಿಲ್ದಾಣ ಮುಟ್ಟಿದಾಗ ಒಂದು ಗಂಟೆ. ವಿಮಾನ ನಾಲ್ಕಕ್ಕೆ. "ಒಳಗೆ ಹೋಗೂಕೆ ಎಂತಾ ಅವಸರ, ಹೊರಗೆ ಗಾಳಿ ಚಲೋ ಉಂಟು," ಎಂದು ಯೋಗೇಶ ಅಡ್ಡ ನಿಂತ. ಗಾಳಿಯೇ ಇರಲಿಲ್ಲ. ಮೂರು ಅಂಗಿಯ ಶಾಂತಾರಾಮನಿಗೆ ಒಳಗಿನ ಏಸಿ ಗಾಜಿನ ಬಾಗಿಲಿನಿಂದಲೇ ಕರೆಯುತ್ತಿತ್ತು. ಅವನು ಗಾಡಿ ತಳ್ಳಿಕೊಂಡು ಒಳಗೆ ನಡೆದ.

ಹಸಿರು ಕಂಪನಿಯ ಹುಡುಗಿ ನಗುತ್ತ ನಮಸ್ಕಾರ ಮಾಡಿ ಸೂಟ್‌ಕೇಸುಗಳನ್ನು ತೂಕಕ್ಕೆ ಇಟ್ಟಳು. ಇಪ್ಪತ್ತೈದು. ಮತ್ತೆ ಇಪ್ಪತ್ತೈದು.

"ನಾಲ್ಕು ಕಿಲೋ ಜಾಸ್ತಿ ಇದೆ ಸರ್."

"ಇಲ್ಲ ಮೇಡಂ, ನಮ್ಮ ಕೇಣಿ ಕಾಂಟಾದಲ್ಲಿ ಸಮಾ ಇತ್ತು."

ಹುಡುಗಿಗೆ ಕೇಣಿಯ ಕಾಂಟಾ ಗೊತ್ತಿರಲಿಲ್ಲ. ಶಾಂತಾರಾಮ ಬದಿಗೆ ಸರಿದು ಗಂಗಿಗೆ ಫೋನು ಹಚ್ಚಿದ.

"ಎರಡೆರಡು ಕಿಲೋ ಕಮ್ಮಿನೇ ತೋರಿಸ್ತದೆ ಮತ್ತೆ," ಎಂದಳು ಗಂಗಿ ಶಾಂತವಾಗಿ. "ಬುಟ್ಟಿ ತೂಕ, ಮೀನಿನ ನೀರು ಕಳೆಯೂದು ಬೇಡ್ವಾ? ಮೊದ್ಲಿಂದ ಹಾಂಗೇ ಇಟ್ಟದ್ದು. ಅದ್ ಬಿಡು, ಸೀಗಡಿ ಒಳಗೆ ಹೋಯ್ತಾ?"

ಹೆಚ್ಚಿನ ತೂಕಕ್ಕೆ ಹುಡುಗಿ ಹೇಳಿದ ದರ ಕೇಳಿ ಶಾಂತಾರಾಮನಿಗೆ ಕತ್ತರಿಸಿ ತೆಗೆದ ಪಿತ್ತಕೋಶವೇ ಮತ್ತೆ ನೋಯಿತು. ಕಂಪನಿಯ ಧಾರಾಳತನ ನಲವತ್ತಾರಕ್ಕೇ ಮುಗಿದಿತ್ತು. ಅವನು ನೆಲದ ಮೇಲೆ ಸೂಟ್‌ಕೇಸು ಬಿಚ್ಚಿ ಕುಳಿತ. ಒಣ ಸೀಗಡಿಯ ವಾಸನೆಗೆ ಹಿಂದಿನ ಸಾಲು ತಾನಾಗಿಯೇ ನಾಲ್ಕು ಮಾರು ಸರಿಯಿತು. ಸೀಗಡಿ ಗಂಗಿಯದು. ಅಕ್ಕಿ ಮಾಸ್ತರರದು. ಅವರದನ್ನು ತೆಗೆದುಬಿಟ್ಟು ನಾಳೆ ಯಾವ ಮುಖ ತೋರಿಸುವುದು? ಕೈಚೀಲದಲ್ಲಿ ಕಾಮಿಯ ಹಪ್ಪಳ, ಕೈಯಲ್ಲಿ ಅದೊಂದು ಬಿಟ್ಟು ಬೇರೆ ಒಯ್ಯುವಂತಿಲ್ಲ. ನಲವತ್ತಾರರಲ್ಲಿ ತನ್ನದೆಂದು ಇದ್ದದ್ದು ಒಂದೇ, ರಟ್ಟಿನ ಪೆಟ್ಟಿಗೆ. ಅದನ್ನು ತೂಗಿದರೆ ಸರಿಯಾಗಿ ನಾಲ್ಕು ಕಿಲೋ ಇತ್ತು.

ಶಾಂತಾರಾಮನ ಕಣ್ಣಲ್ಲಿ ನೀರು ಬಂತು. ಅಕ್ಕ ಬಾಗಿಲು ತೆಗೆದಾಗ ಪೆಟ್ಟಿಗೆ ಅವಳ ಕೈಗಿಟ್ಟು ಹೇಳಬೇಕೆಂದು ಒಂದು ತಿಂಗಳಿನಿಂದ ಒಂದು ಮಾತು ಬಾಯಿಪಾಠ ಮಾಡಿದ್ದ. 'ಅಕ್ಕಾ, ನೀ ಇಲ್ದಿದ್ರೆ ನಾ ಇರ್ತಿರ್ಲಿಲ್ಲ. ನನ್ ದುಡ್ಡಲ್ಲೇ ಬಂದೆ, ಇದು ನಿನ್ ಮರದ ಹಣ್ಣು.' ಈಗ ಬರಿಗೈಯಲ್ಲಿ ಒಣ ಸೀಗಡಿ ನಾರುತ್ತ ನಿಲ್ಲಬೇಕು. ಅವನು ಸೂಟ್‌ಕೇಸುಗಳನ್ನು ಒಪ್ಪಿಸಿ, ಬಾಗಿಲ ಕಾವಲಿನವನಿಗೆ ಕೈಮುಗಿದು, ಪೆಟ್ಟಿಗೆಯನ್ನು ಹೆಂಡತಿಗೆ ಕೊಟ್ಟು ಬರಲು ಅಪ್ಪಣೆ ಪಡೆದು ಹೊರಗೆ ಬಂದ.

ರೂಪಾಲಿ ಕಂಬಿಯ ಆಚೆ ನಿಂತಿದ್ದಳು. ಅವಳು ಇವನತ್ತ ನೋಡುತ್ತಲೇ ಇರಲಿಲ್ಲ. ಬಾಯಿ ತೆರೆದು ಪಕ್ಕದ ಬಾಗಿಲನ್ನು ನೋಡುತ್ತಿದ್ದಳು. ಬಂದಿಳಿದ ಪ್ರಯಾಣಿಕರು ಹೊರಬರುವ ಆ ಬಾಗಿಲಿನಿಂದ ತುಂಬಿದ ಗಾಡಿಯೊಂದನ್ನು ತಳ್ಳಿಕೊಂಡು ಒಬ್ಬ ಹೆಂಗಸು ಬರುತ್ತಿದ್ದಳು. ಬಿಳಿ ಕೂದಲು, ಕೊರಳಿಗೆ ನೇತುಹಾಕಿದ ಕನ್ನಡಕ.

"ಶಾಂತೂ," ಎಂದಳು ಹೀರಾ. "ನಾ ಬರೂದು ನಿಂಗೆ ಯಾರು ಹೇಳಿದ್ರು? ಈ ಯೋಗೇಶನ ಆಣೆಗೆ ಬೆಂಕಿ ಹಾಕ. ಮತ್ತೆ ಇಷ್ಟೆಲ್ಲ ಅಂಗಿ ಎಂತಕ್ಕೆ? ಜ್ವರವಾ?"

ಎಲ್ಲರೂ ಯೋಗೇಶನ ಕಡೆ ತಿರುಗಿದರು.

"ನಾ ಎಂತಾ ಮಾಡ್ಲಿ?" ಎಂದು ಯೋಗೇಶ ಅಳುವ ದನಿ ತೆಗೆದ. "ನೀವು ಟಿಕೆಟ್ ಮಾಡ್ಸಿದ ನಾಲ್ಕನೇ ದಿನ ಹೀರಕ್ಕ ಫೋನ್ ಮಾಡ್ತು. ಹಳದಿಯವ್ರು ದರ ಇಳ್ಸಿದ್ದಾರೆ, ರಜೆ ಸಿಕ್ಕಿದೆ, ಟಿಕೆಟ್ ಮಾಡು, ತಮ್ಮನಿಗೆ ಹೇಳ್ಬೇಡ, ಮಂಜಗುಣಿ ವೆಂಕಟ್ರಮಣನ ಆಣೆ ಹಾಕು ಹೇಳ್ತು. ಒಬ್ರು ನೋಡಿ ಒಬ್ರು ದರ ಇಳ್ಸಿದ ಮೇಲೆ ಅಗ್ಗದ ಸೀಟು ಎರಡು ಕಂಪನಿದೂ ಒಂದೇ ತಾರೀಕಿಗೆ. ಎರಡೂ ಆಣೆ ಒಂದೇ ದೇವ್ರದ್ದು. ಯಾವ್ದನ್ನ ಮುರೀಲಿ? ಕಡಿಗೆ ಹೋಗೂಕೆ ತಮ್ಮ, ಬರೂಕೆ ಅಕ್ಕ, ಕಾರು ಒಂದೇ ಮಾಡ್ದೆ. ಬಾಗ್ಲಲ್ಲಾದ್ರೂ ಕಾಣ್ಲಿ ಹೇಳಿ ದೇವ್ರಿಗೆ ಹರಕೆ ಹೊತ್ತಿದ್ದೆ."

ಹೀರಾ ತಮ್ಮನ ಕೈಯ ಪೆಟ್ಟಿಗೆ ನೋಡಿದಳು. ಮೂಗು ಹತ್ತಿರ ತಂದಳು. ಗಾಡಿಯ ಮೇಲೆ ಕುಳಿತು, ಒಂದು ಹಣ್ಣು ತೆಗೆದು, ಸಿಪ್ಪೆ ಹಲ್ಲಿನಲ್ಲೇ ಸುಲಿದು ತಿನ್ನತೊಡಗಿದಳು. ರಸ ಮೊಣಕೈಗೆ ಇಳಿಯಿತು. ಶಾಂತಾರಾಮ ಅಕ್ಕನ ಕಾಲ ಬಳಿ ಕುಕ್ಕರುಗಾಲಲ್ಲಿ ಕುಳಿತು, ಬಾಯಿಪಾಠ ಮಾಡಿದ್ದನ್ನೆಲ್ಲ ತಪ್ಪುತಪ್ಪಾಗಿ ಹೇಳಿಯೇಬಿಟ್ಟ.

"ನಂಗೆ ಗೊತ್ತುಂಟು," ಎಂದಳು ಹೀರಾ ಕಣ್ಣೊರೆಸಿಕೊಂಡು. "ಸುಮ್ನಿರು. ಹಣ್ಣು ತಿಂಬೂಕೆ ಬಿಡು."

"ನಾ ಹೋಗೂದಿಲ್ಲ ಅಕ್ಕಾ. ಟಿಕೆಟ್ ಹೋದ್ರೆ ಹೋಗ್ಲಿ. ನಿನ್ ಸಂಗ್ತಿಗೆ ಮನೆಗೆ ಬರ್ತೆ."

ಅಷ್ಟರಲ್ಲಿ ಫೋನು ಬಂತು. ಗಂಗಿ. "ತಮ್ಮಾ, ಅಜಯಂಗೆ ಹೇಳಿದ್ದೆ. ನಾಳೆ ಸೀಗಡಿ ತಗಳ್ಳೂಕೆ ಕೆಲ್ಸಕ್ಕೆ ರಜೆ ಹಾಕಿದ್ನಡಾ." ಅವಳ ಹಿಂದಿನಿಂದ ಮಾಸ್ತರರ ದನಿ: "ರಕ್ಷಿತಾನೂ ಗಂಜಿಗೆ ಕಾಯ್ತಾ ಉಂಟು ಹೇಳಿ ಹೇಳು."

ಹೀರಾ ಚೀಲದಿಂದ ಒಂದು ಕೀಲಿಕೈ ತೆಗೆದು ತಮ್ಮನ ಅಂಗೈಯಲ್ಲಿಟ್ಟಳು. "ಹೋಗು. ಒಪ್ಕಂಡದ್ದು ಮುಟ್ಸೂದು ಬೇಡ್ವಾ? ನನ್ ಮನೇನೂ ಒಮ್ಮೆ ನೋಡ್ಕಂಡು ಬಾ. ಫ್ರಿಜ್ಜಲ್ಲಿ ಮೀನ್ ಪಳದಿ ಉಂಟು, ಡಬ್ಬೀಲಿ ಅಕ್ಕಿ ಉಂಟು. ನಾ ವಾಪಸ್ ಹೋಗೂದು ಇಪ್ಪತ್ತೆರಡಕ್ಕೆ."

"ನಾ ಬರೂದೂ ಇಪ್ಪತ್ತೆರಡಕ್ಕೇ," ಎಂದ ಶಾಂತಾರಾಮ.

ಯೋಗೇಶ ಆಕಾಶ ನೋಡಿದ. "ಅವತ್ತೂ ಕಾರು ಒಂದೇ ಸಾಕಾಗ್ತದೆ," ಎಂದ ಸಣ್ಣಗೆ.

ನಾಲ್ಕಕ್ಕೆ ಹಸಿರು ಬಾಲದ ವಿಮಾನ ಏರಿತು. ಕಿಟಕಿಯ ಬಳಿ ಮೂರು ಅಂಗಿ ಹಾಕಿದ ಶಾಂತಾರಾಮ ಕೆಳಗಿನ ಕಡಲು ನೋಡುತ್ತ ಕುಳಿತಿದ್ದ. ಮರದ ಹಣ್ಣು ಕಡೆಗೂ ಅಕ್ಕನ ಬಾಯಿಗೆ ಬಿತ್ತಲ್ಲ ಎಂದು ಗಂಗಿಯ ಕಾಂಟಾಕ್ಕೂ ಮಂಜಗುಣಿ ದೇವರಿಗೂ ಮನಸ್ಸಿನಲ್ಲೇ ಕೈಮುಗಿದ. ಆಮೇಲೆ ಕಿಸೆಯ ಕೀಲಿಕೈ ಮುಟ್ಟಿ ನೋಡಿಕೊಂಡ. ಒಮ್ಮೆಯಾದರೂ ಅವಳ ಖರ್ಚಿಲ್ಲದೆ ಎಂದು ಹಟ ಹಿಡಿದು ಹೊರಟವನು ಇನ್ನು ಹತ್ತು ದಿನ ಅವಳ ಮನೆಯಲ್ಲಿ, ಅವಳ ಡಬ್ಬಿಯ ಅಕ್ಕಿ ಬೇಯಿಸಿ, ಅವಳದೇ ಅನ್ನ ಉಣ್ಣಬೇಕಾಗಿತ್ತು.