ಅಂಚು ಬಿಟ್ಟು ಕತ್ತರಿಸಿದ ಕಿಟಕಿ

ನನ್ನ ಹೆಂಡತಿ ನನ್ನನ್ನು ಬಿಟ್ಟು ಹೋಗುತ್ತೇನೆಂದು ಹೇಳಿದಾಗ ನಾನು ಒಂದು ಅಂಗಿಗೆ ಕಾಲರ್ ಕೂರಿಸುತ್ತಿದ್ದೆ. (ಪೂರ್ತಿಯಾಗಿ ಅಲ್ಲ, ಬೇಸಿಗೆಯ ಮಟ್ಟಿಗೆ. ಆದರೂ ಕಾಲರ್ ಸೊಟ್ಟಗಾಯಿತು.)

"ನಮ್ಮದು ಮಲಗೋ ಕೋಣೆ ಅಲ್ಲ ರೀ, ಒಲೆ. ನಾನು ಅಕ್ಕನ ಮನೆಗೆ ಹೊರಟೆ. ಅಲ್ಲಿ ತಣ್ಣಗೆ ಗಾಳಿ ಬಿಡೋ ಮೆಷಿನ್ ಇದೆ. ಮಳೆ ಬಿದ್ದ ಮೇಲೆ ಬರ್ತೀನಿ."

"ಮಳೆ ಬೀಳದೇ ಹೋದ್ರೆ?"

"ಅದು ನಿಮ್ಮ ಹಣೆಬರಹ."

ನೀವು ನಗಬಹುದು. ಅವಳಿಲ್ಲದ ಮನೆಯಲ್ಲಿ ನನಗೆ ಒಂದು ಗಳಿಗೆಯೂ ಇರಲಾಗುವುದಿಲ್ಲ. ಬಾಯಿಬಿಟ್ಟು ಹೇಳುವ ಧೈರ್ಯ ಮಾತ್ರ ಈವರೆಗೆ ಬಂದಿಲ್ಲ, ಏಕೆಂದರೆ ಬಾಯಿ ಬಿಡುವ ಕೆಲಸವನ್ನು ಅವಳೇ ವಹಿಸಿಕೊಂಡಿದ್ದಾಳೆ.

ಅಂದು ಮಧ್ಯಾಹ್ನ ಹೊಲಿಗೆ ಮೆಷಿನ್ ತುಳಿಯುತ್ತಲೇ ತೂಕಡಿಸಿದೆ. ಕನಸಿನಲ್ಲಿ ನಮ್ಮ ಹಿಂಗೋಡೆ ತೆಳ್ಳಗಾಗುತ್ತಾ ಹೋಗಿ, ಕೊನೆಗೆ ಇಲ್ಲವೇ ಇಲ್ಲವಾಯಿತು. ಗಾಳಿ ಬಂತು. ಮನೆ ಮೆಲ್ಲಗೆ ನೆಲ ಬಿಟ್ಟು ಮೇಲೆದ್ದು, ಬೀದಿಯ ಮೇಲೆ, ಅಂಗಡಿಗಳ ಮೇಲೆ ತೇಲತೊಡಗಿತು. ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತಿದ್ದ ನನ್ನವಳು ತಿರುಗಿ, "ರೀ, ಇನ್ನೂ ಸ್ವಲ್ಪ ಮೇಲೆ ಹೋಗೋಣ" ಎಂದಳು. ಬೈಗುಳವೇ ಇಲ್ಲದ ವಾಕ್ಯ! ಗಾಬರಿಯಿಂದ ಎಚ್ಚರವಾಯಿತು. ನೋಡಿದರೆ ಗಿರಾಕಿಯ ತೋಳನ್ನು ನನ್ನ ಅಂಗಿಗೇ ಸೇರಿಸಿ ಹೊಲಿದಿದ್ದೆ. (ಅಂಗಿಯ ತೋಳು, ಗಿರಾಕಿ ಕ್ಷೇಮ.)

ಆಗಲೇ ಹೊಳೆದದ್ದು ಆ ಮಹಾನ್ ಯೋಜನೆ. ಹಿಂಗೋಡೆಗೊಂದು ಕಿಟಕಿ! ಹಿಂದೆ ಯಾರೂ ಓಡಾಡದ ಓಣಿ, ಓಣಿಯಲ್ಲೊಂದು ದೊಡ್ಡ ಮರ, ಮರದಡಿ ಸದಾ ನೆರಳು. ಹಳೆ ಸಾಮಾನಿನ ಅಂಗಡಿಯಿಂದ ಒಂದು ಕಿಟಕಿಯ ಚೌಕಟ್ಟನ್ನು ಹೊತ್ತು ತಂದೆ.

"ನೀವು ಗೋಡೆ ಮುಟ್ಟಬೇಡಿ. ನಿಮ್ಮ ಕೈ ಬಟ್ಟೆಗೇ ಸರಿ" ಎಂದಳು ಅವಳು, ಪೆಟ್ಟಿಗೆಗೆ ಸೀರೆ ತುಂಬುತ್ತಾ.

"ಅಳತೆ ಅಂದ್ರೆ ಅಳತೆ ಕಣೇ. ಬಟ್ಟೆ ಆದ್ರೇನು, ಗೋಡೆ ಆದ್ರೇನು? ಇವತ್ತೊಂದು ದಿನ ತಡಿ."

ಗಾರೆಯವನು ಬಂದ. ಆ ಬಿಸಿಲಿಗೆ ಅವನೂ ಅರೆನಿದ್ದೆಯಲ್ಲೇ ಇದ್ದ. "ಗೀಟು ಹಾಕ್ಕೊಡಿ ಸಾರ್, ಒಡೀತೀನಿ" ಎಂದು ಆಕಳಿಸಿದ. ನಾನು ಕೊರಳಿನ ಟೇಪು ತೆಗೆದು ಚೌಕಟ್ಟನ್ನು ಅಳೆದೆ, ಗೋಡೆಯ ಮೇಲೆ ಚಾಕ್‌ಪೀಸಿನಿಂದ ಗುರುತು ಹಾಕಿದೆ. ಆಮೇಲೆ ಸುತ್ತಲೂ ಒಂದೊಂದು ಗೇಣು ಹೊಲಿಗೆಯ ಅಂಚು ಬಿಟ್ಟೆ. ನಾನು ಬಿಡಲಿಲ್ಲ, ಕೈಯೇ ಬಿಟ್ಟಿತು. ಅಂಚು ಬಿಡದೆ ಕತ್ತರಿ ಹಾಕುವವನು ದರ್ಜಿಯೇ?

"ಇಷ್ಟು ದೊಡ್ಡದಾ ಸಾರ್?"

"ದೊಡ್ಡದಾದ್ರೆ ಒಳಗೆ ಹಿಡಿದು ಹೊಲಿಬಹುದಪ್ಪಾ. ಚಿಕ್ಕದಾದ್ರೆ ಏನೂ ಮಾಡಕ್ಕಾಗಲ್ಲ" ಎಂದು ಗಿರಾಕಿಗಳಿಗೆ ಹೇಳುವ ಗಾಂಭೀರ್ಯದಲ್ಲೇ ಹೇಳಿದೆ. ಅವನು ತಲೆಯಾಡಿಸಿ ಸುತ್ತಿಗೆ ಎತ್ತಿದ.

ಗೋಡೆ ಬಿತ್ತು. ಬಿಸಿಲ ಕೋಲಿನಲ್ಲಿ ಧೂಳು ಹೊಂಬಣ್ಣವಾಗಿ ಸುಳಿದಾಡುವುದನ್ನು ನಾವಿಬ್ಬರೂ ಮೈಮರೆತು ನೋಡಿದೆವು. ಬಳಿಕ ಚೌಕಟ್ಟನ್ನು ಎತ್ತಿ ಕೂರಿಸಿದೆವು. ಅದು ಎಲ್ಲಿಯೂ ತಾಗದೆ, ಯಾರಿಗೂ ತೊಂದರೆ ಕೊಡದೆ, ಸೀದಾ ಆ ಕಡೆ ಹೋಗಿ ಓಣಿಯಲ್ಲಿ ಮಲಗಿತು.

"ಸುತ್ತ ಇಟ್ಟಿಗೆ ಕಟ್ಟಿ ತುಂಬಬೇಕು ಸಾರ್. ನಾಳೆಯಿಂದ ಬೇರೆ ಕಡೆ ಕೆಲಸ ಒಪ್ಕೊಂಡಿದೀನಿ. ಮಳೆ ಶುರುವಾಗೋ ಹೊತ್ತಿಗೆ ಬರ್ತೀನಿ" ಎಂದು ಗಾರೆಯವನು ಸಾಮಾನು ಕಟ್ಟಿಕೊಂಡು ಹೊರಟೇಬಿಟ್ಟ.

ಸೊಂಟದ ಮೇಲೆ ಕೈಯಿಟ್ಟು ಅವಳು ಬಂದು ನಿಂತಳು. ನಾನು ತಲೆ ತಗ್ಗಿಸಿದೆ. "ಅಲ್ಲ ರೀ, ನಿಮಗೇನಾದ್ರೂ..." ಎಂದು ಶುರು ಮಾಡಿದಳು. ಅಷ್ಟರಲ್ಲಿ ಶ್ರೀಮಾನ್ ಗಾಳಿರಾಯರು ಪ್ರವೇಶಿಸಿದರು. ಮರದ ನೆರಳನ್ನೆಲ್ಲ ಸವರಿಕೊಂಡು ಬಂದ ತಂಪು ಗಾಳಿ. ಅವಳ ಮಾತು ಅರ್ಧಕ್ಕೇ ನಿಂತಿತು. ಕಣ್ಣು ಮುಚ್ಚಿದಳು. ಕೂತಳು. ಆಮೇಲೆ ಹಾಗೇ ಒರಗಿದಳು.

"ರೀ, ನಾನು ಎಲ್ಲೂ ಹೋಗಲ್ಲ."

ನನ್ನ ಕಣ್ಣು ತುಂಬಿ ಬಂತು. ಧೂಳು ಬಿತ್ತೆಂದು ಹೇಳಿದೆ. ಬದುಕಿನಲ್ಲಿ ನಾನು ಗೆದ್ದ ಏಕೈಕ ಯುದ್ಧ ಅದು.

"ಆದ್ರೆ ಇಷ್ಟು ದೊಡ್ಡ ಬಾಯಿ ತೆರೆದುಕೊಂಡಿದೆಯಲ್ಲ ರೀ! ಕಳ್ಳ ಬಂದ್ರೆ ಬಗ್ಗೋದೂ ಬೇಡ. ಹೊರಗೆ ಯಾರಾದ್ರೂ ಕಾವಲಿರಬೇಕು" ಎಂದಳು ಮಲಗಿದಲ್ಲಿಂದಲೇ. ಮನೆಯಲ್ಲಿದ್ದವರು ಇಬ್ಬರು. ಒಬ್ಬರು ಆಗಲೇ ಮಲಗಿಯಾಗಿತ್ತು. ನಾನು ಮಂಚವನ್ನು ಓಣಿಗೆ ಸಾಗಿಸಿದೆ.

ಮರುದಿನ ಅವಳು ಫೋನಿನಲ್ಲಿ ಮಾತಾಡುವುದು ಕೇಳಿಸಿತು. "ಅಕ್ಕಾ, ಆ ಮೆಷಿನ್ ಆರಿಸಿ ನೀನೇ ಬಾರೇ. ಅಮ್ಮನ್ನೂ ಕರ್ಕೊಂಡು ಬಾ. ಇದು ಕರೆಂಟ್ ಹೋದ್ರೂ ನಿಲ್ಲದ ಗಾಳಿ!" ಬಂದರು. ದಿಂಬುಗಳ ಸಮೇತ ಬಂದರು. ಅತ್ತೆ ಗಾಳಿಗೆ ನೇರವಾಗಿ, ಅತ್ತಿಗೆ ಅವರ ಪಕ್ಕಕ್ಕೆ, ನನ್ನ ಷಡ್ಡಕ ಗೋಡೆಗೊರಗಿ. ನನ್ನ ಮೆಷಿನ್ನಿಗೂ ಒಳಗೆ ಜಾಗ ಸಾಲದೆ ಅದೂ ಮರದಡಿಗೆ ಬಂತು.

ನಿನ್ನೆ ಮಧ್ಯಾಹ್ನ ಇಡೀ ಬೀದಿಯೇ ಮಲಗಿತ್ತು. ಎಲೆಗಳು ಒಂದೊಂದಾಗಿ ನನ್ನ ಮೇಲೆ ಉದುರುತ್ತಿದ್ದವು. ನಾನು ಎದ್ದು ಹೋಗಿ ಕಿಟಕಿಯ ಆ ದೊಡ್ಡ ಬಾಯಲ್ಲಿ ಮೊಳಕೈ ಊರಿ ನಿಂತೆ. ಒಳಗೆ ಸಾಲಾಗಿ ಮಲಗಿದವರ ನಡುವೆ ನನ್ನವಳು. ಮುಂಗುರುಳು ಹಾರಾಡುತ್ತಿತ್ತು. ಇಷ್ಟು ಹತ್ತಿರವಿದ್ದೂ ಅವಳಿಲ್ಲದ ಬೇಸರ ತಡೆಯಲಾಗಲಿಲ್ಲ.

"ಏನೇ," ಮೆಲ್ಲಗೆ ಕರೆದೆ, "ಬಾಗಿಲ ಹತ್ರ ಒಂಚೂರು ಜಾಗ ಇದೆ. ನಾನೂ ಒಳಗೆ ಬರ್ಲಾ?"

ಅವಳು ಕಣ್ಣು ಬಿಡಲಿಲ್ಲ.

"ರೀ, ಸ್ವಲ್ಪ ಆ ಕಡೆ ಸರೀರಿ. ಗಾಳಿಗೆ ಅಡ್ಡ ನಿಂತಿದ್ದೀರಿ."